ಆಕ್ಸಿಡೆಂಟ್ ರಿಪೋರ್ಟಿನಲ್ಲಿ ‘ಆಪರೇಟರ್ ಅಜಾಗರೂಕತೆ’ ಅಂತ ಬರೆದು ಸಹಿ ಹಾಕಬೇಕಾ?

ಪ್ರೆಸ್‌ಶಾಪ್ ಸೂಪರ್‌ವೈಸರ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ತಗಡಿನ ಪೀಸ್ ಒತ್ತುವ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ. ಏಳು ಪ್ರೆಸ್ ಇವೆ, ಮೂವತ್ತು ಜನ ಇದ್ದೇವೆ. ಕಂಪನಿ ಹೆಸರು ಮಾತ್ರ ದಯವಿಟ್ಟು ಕೇಳಬೇಡಿ.

ಹೋದ ಮಂಗಳವಾರ ಸೆಕೆಂಡ್ ಶಿಫ್ಟಿನಲ್ಲಿ, ರಾತ್ರಿ ಒಂಬತ್ತೂಕಾಲು ಇರಬಹುದು, 50 ಟನ್ ಪ್ರೆಸ್ಸಿನ ಮೇಲಿದ್ದ ಹುಡುಗನ ಎಡಗೈಯ ಎರಡು ಬೆರಳು ಹೋದವು. 23 ವರ್ಷ. ರಾಯಚೂರು ಕಡೆಯವನು. ಸೇರಿ ಐದು ತಿಂಗಳಾಗಿತ್ತು. ನಾನು ನಾಲ್ಕು ಮೆಷಿನ್ ಆಚೆ ನಿಂತು ಪೀಸ್ ಅಳತೆ ನೋಡುತ್ತಿದ್ದೆ. ಅವನು ಕೂಗಲೇ ಇಲ್ಲ. ಪ್ರೆಸ್ಸಿನ ಸದ್ದು ಒಂದೇ ತಾಳದಲ್ಲಿ ಬರುತ್ತಿದ್ದದ್ದು ನಿಂತುಹೋಯಿತು, ಅದಕ್ಕೇ ತಿರುಗಿ ನೋಡಿದೆ. ಬಲಗೈಯಲ್ಲಿ ಎಡಗೈ ಹಿಡಿದುಕೊಂಡು ಸುಮ್ನೆ ನಿಂತಿದ್ದ.

ಆ ಮೆಷಿನ್‌ಗೆ ಎರಡು ಬಟನ್ ಇವೆ, ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿಂದ ಬಡಿಯುವ ಭಾರದ ತಲೆ, ಅಂದರೆ ರ‍್ಯಾಮ್ ಕೆಳಗಿಳಿಯಬೇಕು. ಆದರೆ ಎಡಗಡೆ ಬಟನ್ ಸಂದಿಗೆ ಒಂದು ಮರದ ಚಕ್ಕೆ ತುರುಕಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಹಾಗಾಗಿ ಬಲಗೈ ಒಂದೇ ಸಾಕು, ಎಡಗೈಯಲ್ಲಿ ಪೀಸ್ ಇಡುತ್ತಾ ತೆಗೆಯುತ್ತಾ ಕೆಲಸ ಓಡುತ್ತದೆ. ಅವತ್ತು ಪೀಸ್ ಮೇಲಕ್ಕೆ ಹೋಗಿ ಅಂಟಿಕೊಂಡಿತ್ತಂತೆ. ಎಡಗೈ ಹಾಕಿ ಕೀಳಲು ಹೋಗಿದ್ದಾನೆ, ಅಷ್ಟರಲ್ಲಿ ಬಲಗೈ ಅಭ್ಯಾಸದಲ್ಲಿ ಒತ್ತಿಬಿಟ್ಟಿದೆ.

ಮಾಲೀಕರು ಕೆಟ್ಟವರಲ್ಲ. ಆ ರಾತ್ರಿ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಬೆಳಗಿನ ತನಕ ಅಲ್ಲೇ ಇದ್ದರು. ಈಗ ರಿಪೋರ್ಟಿನ ಕಾರಣದ ಜಾಗದಲ್ಲಿ ‘ಆಪರೇಟರ್ ಅಜಾಗರೂಕತೆ, ಸುರಕ್ಷತಾ ಸಾಧನವನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿದ್ದು’ ಅಂತ ಬರೆದು ನನ್ನ ಸಹಿ ಕೇಳುತ್ತಿದ್ದಾರೆ. ಸೋಮವಾರ ಕೊಡಬೇಕು. ಹುಡುಗನನ್ನು ನೋಡಲು ಹೋದಾಗ ಅವನೂ ಅದನ್ನೇ ಹೇಳಿದ. "ನಂದ ತಪ್ಪ್ರೀ ಸರ, ಕೈ ತಾನ ಒತ್ತಿಬಿಡ್ತ್ರಿ" ಅಂದ. ಅವನೇ ಒಪ್ಪಿಕೊಂಡ ಮೇಲೆ ಬರೆಯುವುದರಲ್ಲಿ ತಪ್ಪೇನು ಅನ್ನುತ್ತಾರೆ ಮಾಲೀಕರು. ಸುಳ್ಳು ಅಂತ ಹೇಳಲು ನನಗೆ ಆಗುತ್ತಿಲ್ಲ. ಆದರೆ ಸಹಿ ಹಾಕಲು ಕೈ ಬರುತ್ತಿಲ್ಲ. ಅನುಭವ ಇರುವವರು ಹೇಳಿ.

ಹಳೇ ಫಿಟ್ಟರ್

ಸರ್, ಮೊದಲು ಹುಡುಗ ಬೇಗ ಹುಷಾರಾಗಲಿ.

ನಾನು ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವನು. ಸಹಿ ವಿಷಯ ಆಮೇಲೆ. ಕೈ ಯಾಕೆ ಒಳಗೆ ಹೋಯಿತು ಅನ್ನುವುದನ್ನು ಮೊದಲು ನೋಡಿ. ಪೀಸ್ ಮೇಲೆ ಅಂಟಿತ್ತು ಅಂದಿರಿ. ತೂತು ಹೊಡೆಯುವ ಡೈ (ಪೀಸ್ ಇಡುವ ಅಚ್ಚು) ಇರಬೇಕು, ಅಲ್ವಾ? ಹಾಗಿದ್ದರೆ ಸ್ಟ್ರಿಪ್ಪರ್ ಸ್ಪ್ರಿಂಗ್ ನೋಡಿ. ತೂತು ಹೊಡೆದ ಪಂಚ್ ಮೇಲೆ ಹೋಗುವಾಗ ಪೀಸನ್ನು ಕೆಳಗೆ ತಳ್ಳುವುದು ಆ ಸ್ಪ್ರಿಂಗಿನ ಕೆಲಸ. ಒಂದು ಕಡೆಯ ಸ್ಪ್ರಿಂಗ್ ಮುರಿದರೂ ಪ್ಲೇಟ್ ವಾರೆಯಾಗುತ್ತದೆ, ಪೀಸ್ ಪಂಚಿಗೆ ಕಚ್ಚಿಕೊಂಡು ಮೇಲೆ ಹೋಗುತ್ತದೆ. ಹತ್ತು ಪೀಸಿಗೆ ಒಂದು ಹಾಗಾದರೆ ದಿನಕ್ಕೆ ನೂರಾರು ಸಲ ಹುಡುಗನ ಕೈ ಡೈ ಒಳಗೆ ಹೋಗಿಬಂದಿದೆ ಅಂತ ಅರ್ಥ. ಅಷ್ಟು ಸಲದಲ್ಲಿ ಒಂದು ಸಲ ತಪ್ಪಿದ್ದಾನೆ.

ಇನ್ನೊಂದು, ನನ್ನ ಮನಸ್ಸಿನಲ್ಲಿ ಬಹಳ ವರ್ಷದಿಂದ ಇರುವ ಮಾತು. ನಿಮ್ಮ ಡೈನಲ್ಲಿ ಲೊಕೇಟಿಂಗ್ ಪಿನ್ ಇರುತ್ತದೆ. ಪೀಸ್ ಉಲ್ಟಾ ಇಟ್ಟರೆ ಕೂರುವುದೇ ಇಲ್ಲ. ಅದನ್ನು ಪೋಕಾ ಯೋಕೆ ಅನ್ನುತ್ತೇವೆ, ಕಸ್ಟಮರ್ ಆಡಿಟ್‌ಗೆ ಬಂದಾಗ ಅದನ್ನೇ ಮೊದಲು ತೋರಿಸುತ್ತೇವೆ. ಜಪಾನಿನಲ್ಲಿ ಶಿಂಗೋ ಅನ್ನುವ ಇಂಜಿನಿಯರ್ 1961ರ ಸುಮಾರಿಗೆ ಅದಕ್ಕೆ ರೂಪ ಕೊಟ್ಟರು. ಮೊದಲು ಅದರ ಹೆಸರು ಬಾಕಾ ಯೋಕೆ, ಅಂದರೆ ದಡ್ಡರ ತಪ್ಪು ತಡೆಯುವ ಸಾಧನ ಅಂತ. ಒಂದು ಫ್ಯಾಕ್ಟರಿಯಲ್ಲಿ ಕೆಲಸದ ಹೆಂಗಸೊಬ್ಬಳು ಆ ಮಾತು ಕೇಳಿ ಅತ್ತಳಂತೆ, ನಾನೇನು ದಡ್ಡಿಯಾ ಅಂತ. ಆಮೇಲೆ ಹೆಸರು ಬದಲಾಯಿಸಿದರು. ಪೋಕಾ ಅಂದರೆ ಯಾರಿಗೇ ಆದರೂ ಕೈತಪ್ಪಿ ಆಗುವ ತಪ್ಪು. ಎಂಟು ರೂಪಾಯಿಯ ಪೀಸ್ ಉಲ್ಟಾ ಕೂರದ ಹಾಗೆ ನಾವು ಪಿನ್ ಹಾಕಿದ್ದೇವೆ. ಕೈ ಒಳಗೆ ಹೋಗದ ಹಾಗೆ ಏನು ಹಾಕಿದ್ದೇವೆ ಸರ್? ಪೀಸಿಗೆ ತಪ್ಪು ಆಗುತ್ತದೆ ಅಂತ ಒಪ್ಪಿಕೊಂಡು ಡೈ ಮಾಡಿದವರು, ಕೈಗೆ ಮಾತ್ರ ತಪ್ಪೇ ಆಗಬಾರದು ಅಂದುಕೊಂಡರೆ ಹೇಗೆ?

ಕ್ಲಚ್, ಅಂದರೆ ಸುತ್ತುವ ಫ್ಲೈವೀಲಿನ (ಭಾರದ ಚಕ್ರದ) ಶಕ್ತಿಯನ್ನು ಹೊಡೆತಕ್ಕೆ ಜೋಡಿಸುವ ಭಾಗ, ಯಾವುದು ಅಂತ ತಿಳಿಸಿ. ಪಿನ್ ಕ್ಲಚ್ಚೋ, ಏರ್ ಕ್ಲಚ್ಚೋ. ಮುಂದಿನದು ಅದರ ಮೇಲೆ ನಿಂತಿದೆ.

ರಾಜಾಜಿನಗರ ಯೂನಿಟ್

ನಾನು ಮಾಲೀಕನ ಜಾಗದಲ್ಲಿ ಇರುವವನು, 11 ಜನರ ಶಾಪ್. ಬೈಯಬೇಡಿ, ನನ್ನ ಕಷ್ಟವನ್ನೂ ಕೇಳಿ.

ಗಾರ್ಡ್ ಹಾಕಿಸಿದ್ದೇನೆ. ಮೂರು ದಿನಕ್ಕೆ ಬಿಚ್ಚಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಕನ್ನಡಕ ಕೊಡಿಸಿದರೆ ತಲೆ ಮೇಲೆ ಇರುತ್ತದೆ. ಗ್ರೈಂಡಿಂಗ್ ಮುಂದೆ ನಿಂತು ಮೊಬೈಲ್ ನೋಡುವವರನ್ನು ನಾನೇ ಹಿಡಿದಿದ್ದೇನೆ. ಸೇಫ್ಟಿ ಟ್ರೈನಿಂಗಿಗೆ ಹೋದಾಗ ಅಲ್ಲೂ ಹೇಳಿದರು, ನೂರಕ್ಕೆ ತೊಂಬತ್ತು ಆಕ್ಸಿಡೆಂಟ್ ಮನುಷ್ಯನ ತಪ್ಪಿನಿಂದಲೇ ಅಂತ. ಹುಡುಗನ ಬಗ್ಗೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಬಟನ್‌ಗೆ ಚಕ್ಕೆ ತುರುಕಿದ್ದು ಮಾಲೀಕರಾ? ಅವನ ಕೈಯನ್ನು ಅವನೇ ಕಾಯದಿದ್ದರೆ ನಾವು ಎಷ್ಟು ಅಂತ ಕಾಯುವುದು?

ಸುರಕ್ಷತೆ ಇಲಾಖೆ (ನಮ್ಮ ಪ್ಲಾಂಟಿನದು)

ರಾಜಾಜಿನಗರದ ಸರ್, ನಿಮ್ಮ ಮಾತಿನಲ್ಲಿ ನೋವಿದೆ. ಅದಕ್ಕೇ ನೇರವಾಗಿ ಹೇಳುತ್ತೇನೆ. ನಾನು ದೊಡ್ಡ ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್, ಹದಿನಾಲ್ಕು ವರ್ಷ ಆಯಿತು.

ನೂರಕ್ಕೆ ತೊಂಬತ್ತು ಅನ್ನುವ ಲೆಕ್ಕ ಎಲ್ಲಿಂದ ಬಂತು ಗೊತ್ತಾ? 1931ರಲ್ಲಿ ಅಮೆರಿಕದ ಒಂದು ವಿಮಾ ಕಂಪನಿಯಲ್ಲಿದ್ದ ಹೈನ್ರಿಶ್ ಅನ್ನುವವರು, 75,000 ಅಪಘಾತಗಳ ಕಡತ ನೋಡಿ ನೂರಕ್ಕೆ 88ರಷ್ಟು ಅಪಘಾತ ಕೆಲಸಗಾರರ ಅಸುರಕ್ಷಿತ ನಡವಳಿಕೆಯಿಂದ ಅಂದರು. ಆ ಕಡತಗಳಲ್ಲಿ ಕಾರಣ ಬರೆದಿದ್ದವರು ಯಾರು? ಬಹುಪಾಲು ಸೂಪರ್‌ವೈಸರ್‌ಗಳು, ಮಾಲೀಕರು. ಅಂದರೆ ಈಗ ನಮ್ಮ ಮುಂದೆ ಇರುವ ಇದೇ ರೀತಿಯ ರಿಪೋರ್ಟ್‌ಗಳು, ಇದೇ ರೀತಿಯ ಸಹಿಗಳು. ಈ ಸೂಪರ್‌ವೈಸರ್ ಸೋಮವಾರ ‘ಆಪರೇಟರ್ ಅಜಾಗರೂಕತೆ’ ಅಂತ ಬರೆದರೆ ಆ ತೊಂಬತ್ತಕ್ಕೆ ಇನ್ನೊಂದು ಸೇರುತ್ತದೆ, ಸ್ಪ್ರಿಂಗ್ ಹಾಗೇ ಇರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ, ಒಂದರ ಜೊತೆ ಒಂದು ಕಲಸಬೇಡಿ. ಬಲಗೈ ತಾನಾಗಿ ಒತ್ತಿದ್ದು ಕೈತಪ್ಪು. ಅದು ನುರಿತವರಿಗೇ ಜಾಸ್ತಿ ಆಗುತ್ತದೆ, ಯಾಕೆಂದರೆ ಕೈಗೆ ಕೆಲಸ ಗೊತ್ತಾಗಿ ತಲೆಯನ್ನು ಕೇಳುವುದೇ ಇಲ್ಲ. ಅದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಬೋರ್ಡ್ ಬರೆದು ಹಾಕಿಯೂ ಪ್ರಯೋಜನವಿಲ್ಲ. ಬಟನ್‌ಗೆ ಚಕ್ಕೆ ತುರುಕಿದ್ದು ಕೈತಪ್ಪಲ್ಲ, ಗೊತ್ತಿದ್ದೇ ನಿಯಮ ಮುರಿದದ್ದು. ಅದನ್ನು ಸುಮ್ನೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರು ತುರುಕಿದರು, ಯಾವಾಗಿಂದ ಇತ್ತು, ಎಷ್ಟು ಜನ ನೋಡಿಯೂ ಸುಮ್ಮನಿದ್ದರು, ಚಕ್ಕೆ ಇಲ್ಲದೆ ಟಾರ್ಗೆಟ್ ಮುಟ್ಟುತ್ತಿತ್ತಾ ಅಂತ ಕೇಳಿ. ಹಾಗೆ ನೋಡಿದರೆ ಸರಿಯಾದ ಎರಡು ಕೈ ಸರ್ಕ್ಯೂಟಿಗೆ ಚಕ್ಕೆ ತುರುಕಿದರೂ ಏನೂ ಆಗಬಾರದು. ಪ್ರತಿ ಸ್ಟ್ರೋಕ್ ಆದಮೇಲೆ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಮುಂದಿನದು ಬರಬೇಕು. ನಿಮ್ಮದು ಹಾಗೆ ಇಲ್ಲ ಅಂದರೆ ವೈರಿಂಗಿನಲ್ಲೇ ಕೊರತೆ ಇದೆ.

ಎರಡನೇ ಮಹಾಯುದ್ಧದ ಹೊತ್ತಿನ ಒಂದು ಸಂಗತಿ ನಾನು ಪ್ರತಿ ಟ್ರೈನಿಂಗಿನಲ್ಲೂ ಹೇಳುತ್ತೇನೆ. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸರಿಯಾಗಿ ಇಳಿದ ಮೇಲೆ, ನೆಲದ ಮೇಲೆ ಓಡುತ್ತಿರುವಾಗಲೇ ಹೊಟ್ಟೆ ಮೇಲೆ ಕುಸಿಯುತ್ತಿದ್ದವು. ಪೈಲಟ್ ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಚುವ ಹಲಗೆ) ಎತ್ತಲು ಹೋಗಿ ಚಕ್ರ ಎತ್ತಿಬಿಡುತ್ತಿದ್ದ. ಎಲ್ಲ ಕಡೆ ‘ಪೈಲಟ್ ತಪ್ಪು’ ಅಂತಲೇ ದಾಖಲೆ. ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಕ್‌ಪಿಟ್ ಒಳಗೆ ಕೂತು ನೋಡಿದರು. ಎರಡೂ ಸ್ವಿಚ್ ಅಕ್ಕಪಕ್ಕ, ಒಂದೇ ಆಕಾರ. ಚಕ್ರದ ಸ್ವಿಚ್ಚಿಗೆ ಒಂದು ಸಣ್ಣ ರಬ್ಬರ್ ಚಕ್ರ, ಫ್ಲಾಪಿನ ಸ್ವಿಚ್ಚಿಗೆ ಒಂದು ಬೆಣೆ ಆಕಾರದ ಹಿಡಿ ಅಂಟಿಸಿದರು. ಕತ್ತಲೆಯಲ್ಲಿ ಮುಟ್ಟಿದರೂ ಗೊತ್ತಾಗುವ ಹಾಗೆ. ಆ ತಪ್ಪು ನಿಂತಿತು. ಇವತ್ತೂ ವಿಮಾನದಲ್ಲಿ ಚಕ್ರ ಎತ್ತುವ ಹಿಡಿ ಚಕ್ರದ ಆಕಾರದಲ್ಲೇ ಇರುತ್ತದೆ.

ಮನುಷ್ಯನ ತಪ್ಪು ಅಂತ ಸಾಬೀತಾದ ಮೇಲೂ ತನಿಖೆ ಮುಂದೆ ಹೋಗಬೇಕು. ಮಂಗಳೂರಿನಲ್ಲಿ 2010ರ ಮೇ 22ರಂದು ವಿಮಾನ ಬಿದ್ದು 158 ಜನ ತೀರಿಕೊಂಡರಲ್ಲ, ಆ ವರದಿಯಲ್ಲಿ ಕ್ಯಾಪ್ಟನ್ ತಪ್ಪು ಸ್ಪಷ್ಟವಾಗಿಯೇ ಇದೆ. ಪಕ್ಕದಲ್ಲಿದ್ದ ಸಹಪೈಲಟ್ ಮೂರು ಸಲ ಇಳಿಸಬೇಡಿ, ಮೇಲಕ್ಕೆ ಹೋಗೋಣ ಅಂದರೂ ಕೇಳಲಿಲ್ಲ. ಆದರೆ ವರದಿ ಅಲ್ಲಿಗೆ ನಿಲ್ಲಲಿಲ್ಲ. ಆತ ದಾರಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಮಾಡಿ ಆಗಷ್ಟೇ ಎದ್ದಿದ್ದು, ಬೆಳಗಿನ ಜಾವ ದೇಹ ಮಂಪರಿನಲ್ಲೇ ಇರುವ ಹೊತ್ತು, ಅವತ್ತು ರಾಡಾರ್ ಕೆಲಸ ಮಾಡುತ್ತಿರದಿದ್ದದ್ದು, ರನ್‌ವೇ ಆಚೆ ಇದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದದ್ದು, ಎಲ್ಲ ಬರೆದರು. ಬರೆದದ್ದರಿಂದಲೇ ಅದನ್ನೆಲ್ಲ ಸರಿಮಾಡಬೇಕು ಅಂತ ಹೇಳಲು ಸಾಧ್ಯವಾಯಿತು.

ಸೂಪರ್‌ವೈಸರ್ ಸರ್, ನಿಮಗೆ ಒಂದು ಮುಖ್ಯ ಮಾತು. ಹುಡುಗನಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದೆಯಾ ಇವತ್ತೇ ನೋಡಿ. ಕಾಂಟ್ರಾಕ್ಟ್ ಮೇಲೆ ಬಂದಿದ್ದರೂ ಹಣ ಕಟ್ಟುವ ಮೊದಲ ಜವಾಬ್ದಾರಿ ಫ್ಯಾಕ್ಟರಿಯದೇ. ಇಎಸ್‌ಐ ಇದ್ದರೆ, ಕಂಪನಿ ಕೆಲಸಕ್ಕಾಗಿ ಮಾಡುವಾಗ ನಿಯಮ ಮೀರಿದ್ದರೂ ಅದು ಕೆಲಸದ ಅಪಘಾತವೇ, ಸೌಲಭ್ಯ ತಪ್ಪುವುದಿಲ್ಲ. ರಜೆಯಲ್ಲಿ ದಿನಗೂಲಿಯ ನೂರಕ್ಕೆ 90 ಬರುತ್ತದೆ, ಆಮೇಲೆ ಮೆಡಿಕಲ್ ಬೋರ್ಡ್ ಎಷ್ಟು ನಷ್ಟ ಅಂತ ತೀರ್ಮಾನಿಸಿದ ಪ್ರಕಾರ ಜೀವನಪೂರ್ತಿ ಹಣ ಬರುತ್ತದೆ. ಇಎಸ್‌ಐ ಇಲ್ಲದಿದ್ದರೆ ಕೆಲಸಗಾರರ ಪರಿಹಾರದ ಕಾನೂನಿನ ಕಡೆ ಹೋಗಬೇಕಾಗುತ್ತದೆ. ಅಲ್ಲಿ ‘ಗಾರ್ಡನ್ನು ಬೇಕೆಂದೇ ತೆಗೆದ’ ಅನ್ನುವ ಮಾತು, ಪೂರ್ಣ ಅಂಗವಿಕಲತೆ ಅಥವಾ ಸಾವು ಅಲ್ಲದ ಕೇಸಿನಲ್ಲಿ, ಪರಿಹಾರವನ್ನೇ ಇಲ್ಲವಾಗಿಸಬಹುದು. ನಿಮ್ಮ ಮುಂದಿರುವ ಕಾಗದದಲ್ಲಿ ‘ಬೇಕೆಂದೇ’ ಅಂತ ಇದೆಯಲ್ಲ, ಆ ಒಂದು ಪದ ಅಷ್ಟು ತೂಕದ್ದು. ಕಣ್ಣಾರೆ ನೋಡದಿದ್ದರೆ ಅದಕ್ಕೆ ಸಹಿ ಹಾಕಬೇಡಿ.

ಕಂಬದ ಮೇಲಿನವ

ನಾನು ಲೈನ್‌ಮ್ಯಾನ್, ತುಮಕೂರು ಜಿಲ್ಲೆ. ಫ್ಯಾಕ್ಟರಿ ವಿಷಯ ಗೊತ್ತಿಲ್ಲ, ನಮ್ಮ ಕಡೆಯದು ಹೇಳುತ್ತೇನೆ.

ನಾವು ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ ಎಲ್‌ಸಿ ತೆಗೆದುಕೊಳ್ಳಬೇಕು, ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದ್ದೇವೆ ಅನ್ನುವ ಒಪ್ಪಿಗೆ. ಆರು ವರ್ಷದ ಹಿಂದೆ ಮಳೆಗಾಲದಲ್ಲಿ ನನ್ನ ಜೊತೆಯವನು ಫೋನಿನಲ್ಲಿ ಎಲ್‌ಸಿ ಕೇಳಿದ. ಅತ್ತ ಕಡೆಯವರು ಕೊಟ್ಟರು. ಅವನು ಕೇಳಿದ್ದು ಒಂದು ಫೀಡರ್ (ಊರಿಗೆ ಹೋಗುವ ಲೈನ್), ಅವರು ಆಫ್ ಮಾಡಿದ್ದು ಇನ್ನೊಂದು. ಎರಡೂ ಊರಿನ ಹೆಸರು ಒಂದೇ ಥರ, ಒಂದರ ಹೆಸರಿಗೆ ‘ಹೊಸ’ ಅಂತ ಸೇರಿದೆ ಅಷ್ಟೇ. ಗುಡುಗಿನಲ್ಲಿ ‘ಹೊಸ’ ಅನ್ನುವುದು ಕೇಳಿಸಲಿಲ್ಲ. ಅವನು ಬದುಕಿದ್ದು ಡಿಸ್ಚಾರ್ಜ್ ರಾಡ್ (ಲೈನನ್ನು ನೆಲಕ್ಕೆ ಜೋಡಿಸುವ ಕೋಲು) ಹಾಕಿ ನೋಡುವ ಅಭ್ಯಾಸ ಇದ್ದದ್ದರಿಂದ. ರಾಡ್ ತಾಗಿಸಿದಾಗ ಕಿಡಿ ಹಾರಿತು. ಕೆಳಗೆ ನಿಂತಿದ್ದ ನನ್ನ ಕಾಲು ನಡುಗುತ್ತಿತ್ತು, ಈಗಲೂ ಬರೆಯುವಾಗ ನಡುಗುತ್ತದೆ.

ಆಮೇಲೆ ವಿಚಾರಣೆಯಲ್ಲಿ ಆಪರೇಟರ್‌ಗೆ ನೋಟಿಸ್ ಕೊಟ್ಟರು. ಫೀಡರ್ ಹೆಸರು ಬದಲಾಯಿಸಿ ಅಂತ ನಾವು ಅರ್ಜಿ ಕೊಟ್ಟೆವು, ಎರಡು ವರ್ಷ ಹಿಡಿಯಿತು. ಈಗ ನಾವು ನಾವೇ ಮಾಡಿಕೊಂಡಿರುವುದು ಏನೆಂದರೆ, ಫೋನಿನಲ್ಲಿ ಕೇಳಿದ್ದನ್ನು ಆ ಕಡೆಯವರು ತಿರುಗಿ ಹೇಳಬೇಕು, ಹೆಸರಿನ ಜೊತೆ ನಂಬರೂ ಹೇಳಬೇಕು. ರಾಡ್ ಕೆಲಸದ ಜಾಗದ ಎರಡೂ ಕಡೆ ಹಾಕಬೇಕು. ಯಾಕೆಂದರೆ ಯಾರದೋ ಮನೆಯ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಬರುವುದೂ ಉಂಟು. ಅಣ್ಣ, ಯಾರೂ ಬೆರಳು ಕಳೆದುಕೊಳ್ಳಬೇಕು ಅಂತ ಕೆಲಸಕ್ಕೆ ಬರುವುದಿಲ್ಲ.

ಪ್ರೆಸ್‌ಶಾಪ್ ಸೂಪರ್‌ವೈಸರ್

ಎಲ್ಲರಿಗೂ ಋಣಿ. ನಿನ್ನೆ ಭಾನುವಾರ ಬೀಗ ತೆಗೆಸಿ ಶಾಪಿಗೆ ಹೋಗಿದ್ದೆ.

ಹಳೇ ಫಿಟ್ಟರ್ ಅಣ್ಣ ಹೇಳಿದ್ದು ನಿಜ. ಸ್ಟ್ರಿಪ್ಪರಿನ ನಾಲ್ಕು ಸ್ಪ್ರಿಂಗಿನಲ್ಲಿ ಹಿಂದಿನ ಎಡಗಡೆಯದು ಎರಡು ತುಂಡಾಗಿದೆ. ಮುರಿದ ಜಾಗ ತುಕ್ಕು ಹಿಡಿದಿದೆ, ಅಂದರೆ ಮುರಿದು ದಿನಗಳಾಗಿವೆ. ಮೇಂಟೆನೆನ್ಸ್ ರಿಜಿಸ್ಟರ್ ತೆಗೆದು ನೋಡಿದೆ. ಅಪಘಾತಕ್ಕೆ ಒಂಬತ್ತು ದಿನ ಮೊದಲು ‘ಪೀಸ್ ಮೇಲೆ ಅಂಟುತ್ತಿದೆ’ ಅಂತ ಫಸ್ಟ್ ಶಿಫ್ಟಿನವರು ಬರೆದಿದ್ದಾರೆ. ಪಕ್ಕದಲ್ಲಿ ‘ನೋಡಿದೆ’ ಅಂತ ಸಹಿ ಇದೆ. ಸಹಿ ನನ್ನದು. ಲಾಟ್ ಮುಗಿಯಲಿ, ಆಮೇಲೆ ಡೈ ಇಳಿಸೋಣ ಅಂದುಕೊಂಡಿದ್ದೆ. ರಿಜಿಸ್ಟರ್ ಮುಚ್ಚಿ ಬಹಳ ಹೊತ್ತು ಅಲ್ಲೇ ಸ್ಟೂಲ್ ಮೇಲೆ ಕೂತಿದ್ದೆ.

ಚಕ್ಕೆ ಬಗ್ಗೆಯೂ ಕೇಳಿದೆ. ಅದು ಈ ಹುಡುಗ ಸೇರುವ ಮೊದಲೇ ಇತ್ತು. ಅವನಿಗೆ ಕೆಲಸ ಕಲಿಸಿದವರು ಮೆಷಿನ್ ಹೀಗೇ ಓಡುವುದು ಅಂತಲೇ ತೋರಿಸಿದ್ದಾರೆ. ಟಾರ್ಗೆಟ್ ಲೆಕ್ಕ ಹಾಕಿದೆ. ಹೋದ ದೀಪಾವಳಿ ಹೊತ್ತಿಗೆ ಶಿಫ್ಟಿಗೆ 3,200 ಪೀಸ್ ಇದ್ದದ್ದನ್ನು 4,000 ಮಾಡಿದ್ದೆವು. ಊಟ, ಟೀ ಕಳೆದರೆ ಕೈಗೆ ಸಿಗುವುದು ಏಳೂಕಾಲು ಗಂಟೆ. ಒಂದು ಪೀಸಿಗೆ ಆರೂವರೆ ಸೆಕೆಂಡ್. ನಾನೇ ಮೆಷಿನ್ ಮೇಲೆ ನಿಂತು ಖಾಲಿ ಓಡಿಸಿ ನೋಡಿದೆ. ಎರಡೂ ಕೈಯಲ್ಲಿ ಒತ್ತಿದರೆ ಏಳು, ಏಳೂವರೆ ಆಗುತ್ತದೆ. ಚಕ್ಕೆ ಇಲ್ಲದೆ ಆಗದ ಕೆಲಸವನ್ನು ದಿನಾ ಬೋರ್ಡಿನ ಮೇಲೆ ಬರೆದವನು ನಾನು.

ಮಾಲೀಕರಿಗೆ ಇವತ್ತು ಬೆಳಗ್ಗೆ ರಿಜಿಸ್ಟರ್ ತೋರಿಸಿದೆ. ಮೊದಲು ಕೋಪ ಬಂತು. ಇದನ್ನು ಯಾಕೆ ತೆಗೆದೆ ಅಂದರು. ಆಮೇಲೆ ಸ್ಪ್ರಿಂಗ್ ತುಂಡು ಕೈಯಲ್ಲಿ ಹಿಡಿದು ನೋಡುತ್ತಾ ಇದಕ್ಕೆ ಎಷ್ಟು ಅಂತ ಕೇಳಿದರು. ಇನ್ನೂರು ರೂಪಾಯಿ ಒಳಗೆ ಅಂದೆ. ಮತ್ತೆ ಮಾತಾಡಲಿಲ್ಲ. ಇಎಸ್‌ಐ ಇದೆ, ನಂಬರ್ ಸಿಕ್ಕಿತು. ರಿಪೋರ್ಟಿನಲ್ಲಿ ನಾನು ಬರೆದದ್ದು ಇಷ್ಟು: ಸ್ಟ್ರಿಪ್ಪರ್ ಸ್ಪ್ರಿಂಗ್ ಮುರಿದಿತ್ತು, ಒಂಬತ್ತು ದಿನ ಮೊದಲೇ ದೂರು ಬಂದಿತ್ತು, ಸರಿಪಡಿಸಿರಲಿಲ್ಲ. ಎಡ ಬಟನ್ ಕಟ್ಟಿಹಾಕಿದ್ದು ಹಲವು ತಿಂಗಳಿಂದ, ಮೇಲ್ವಿಚಾರಕರ ಕಣ್ಣೆದುರೇ ಇತ್ತು. ಅಂಟಿದ ಪೀಸ್ ತೆಗೆಯುವಾಗ ಬಲಗೈ ಅರಿವಿಲ್ಲದೆ ಬಟನ್ ಒತ್ತಿದೆ. ‘ಬೇಕೆಂದೇ’ ಅನ್ನುವ ಪದ ತೆಗೆದೆ. ಮಾಲೀಕರು ಇನ್ನೂ ಸಹಿ ಹಾಕಿಲ್ಲ, ಸಂಜೆ ನೋಡೋಣ ಅಂದಿದ್ದಾರೆ.

ಕ್ಲಚ್ ಪಿನ್ ಕ್ಲಚ್. ಮೊದಲು ಕಾಲು ಪೆಡಲ್ ಇತ್ತು, ಆಮೇಲೆ ಬಟನ್ ಕೂರಿಸಿದ್ದು. ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಬೆಳಕಿನ ಪರದೆ) ಹಾಕಿಸೋಣವಾ ಅಂತ ಮಾಲೀಕರೇ ಕೇಳಿದರು.

ರಾಜಾಜಿನಗರ ಯೂನಿಟ್

ನಿಮ್ಮ ಬರಹ ಓದಿ ಮೂರು ಪ್ರೆಸ್ಸಿನ ಬಟನ್ ನೋಡಿಬಂದೆ. ಒಂದರಲ್ಲಿ ಐದು ರೂಪಾಯಿ ನಾಣ್ಯ ಸಿಕ್ಕಿಸಿದ್ದರು. ಯಾರನ್ನೂ ಬೈಯಲಿಲ್ಲ. ಯಾಕೆ ಅಂತ ಕೇಳಿದೆ. ಬಟನ್ ಎತ್ತರ ಜಾಸ್ತಿ, ಸಂಜೆ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ ಅಂದರು. ನಾಲ್ಕು ವರ್ಷದಲ್ಲಿ ಇದನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ನರ್ಸಕ್ಕ

ಕೈ ಸರ್ಜರಿ ವಾರ್ಡಿನಲ್ಲಿ ಇರುವವಳು, ಒಂದೇ ಮಾತು. ಬೆರಳು ತುಂಡಾದರೆ ಅದನ್ನು ನೇರವಾಗಿ ಐಸಿನ ಮೇಲೆ ಹಾಕಬೇಡಿ, ಅರಿಶಿನ, ಟೀ ಪುಡಿ ಏನೂ ಬೇಡ. ಚೊಕ್ಕ ಬಟ್ಟೆ ಒದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಟ್ಟು ತನ್ನಿ. ಪ್ರೆಸ್ಸಿನಲ್ಲಿ ಜಜ್ಜಿಹೋದದ್ದು ಎಷ್ಟೋ ಸಲ ಕೂಡುವುದಿಲ್ಲ, ಆದರೂ ತನ್ನಿ. ಕೂಡುತ್ತದೋ ಇಲ್ಲವೋ ಡಾಕ್ಟರ್ ನೋಡಿ ಹೇಳಲಿ.

ಹಳೇ ಫಿಟ್ಟರ್

ಪಿನ್ ಕ್ಲಚ್‌ಗೆ ಲೈಟ್ ಕರ್ಟನ್ ಬೇಡ ಸರ್, ದುಡ್ಡು ನೀರಿಗೆ ಹಾಕಿದ ಹಾಗೆ. ಪಿನ್ ಒಮ್ಮೆ ಕಚ್ಚಿದರೆ ಒಂದು ಸುತ್ತು ಪೂರ್ತಿ ಮುಗಿಸಿಯೇ ನಿಲ್ಲುವುದು, ನಡುವೆ ಯಾವ ಸೆನ್ಸರ್ ಬಂದರೂ ನಿಲ್ಲಿಸಲು ಆಗುವುದಿಲ್ಲ. ಏರ್ ಕ್ಲಚ್ಚಿನಲ್ಲಾದರೂ ಲೆಕ್ಕ ಬೇಕು. ಕೈ ಸೆಕೆಂಡಿಗೆ 1.6 ಮೀಟರ್ ಹೋಗುತ್ತದೆ ಅಂತ ಹಿಡಿದು ಕರ್ಟನ್ ಎಷ್ಟು ದೂರ ಅಂತ ತೀರ್ಮಾನಿಸುತ್ತಾರೆ.

ನಿಮಗೆ ಬೇಕಾದ್ದು ಡೈ ಸುತ್ತ ಮುಚ್ಚುವ ಫಿಕ್ಸೆಡ್ ಗಾರ್ಡ್. ಮುಂದೆ ಪಾಲಿಕಾರ್ಬೊನೇಟ್ ಶೀಟ್ ಹಾಕಿ, ಒಳಗಿನದು ಕಾಣಬೇಕು, ಇಲ್ಲದಿದ್ದರೆ ಮತ್ತೆ ಬಿಚ್ಚುತ್ತಾರೆ. ಪೀಸ್ ಹೋಗಲು ಒಂದು ಸೀಳು ಬಿಡಿ. ಡೈಗೂ ಗಾರ್ಡ್‌ಗೂ 38 ಎಂಎಂ ಒಳಗಿದ್ದರೆ ಸೀಳು 6 ಎಂಎಂ ಮೀರಬಾರದು. ನಿಮ್ಮ ಪೀಸಿನ ತಗಡು 2 ಎಂಎಂ ಇದ್ದರೆ ಧಾರಾಳವಾಗಿ ಹೋಗುತ್ತದೆ, ಬೆರಳು ಹೋಗುವುದಿಲ್ಲ. ಹಿಂದಿನಿಂದ ಗಾಳಿ ಊದಿ ಪೀಸ್ ಬೀಳಿಸುವ ಹಾಗೆ ಮಾಡಿ. ಆಗ ಎಡಗೈಗೆ ಒಳಗೆ ಕೆಲಸವೇ ಇರುವುದಿಲ್ಲ, ಆರೂವರೆ ಸೆಕೆಂಡ್ ಒಳಗೂ ಆಗಬಹುದು, ನಿಮ್ಮ ಮಾಲೀಕರಿಗೆ ಇದನ್ನೂ ಹೇಳಿ. ಸಿಕ್ಕಿಕೊಂಡರೆ ಮೋಟಾರ್ ಆಫ್ ಮಾಡಿ ಫ್ಲೈವೀಲ್ ನಿಲ್ಲುವ ತನಕ ಕಾಯಲೇಬೇಕು. ಆಫ್ ಮಾಡಿದ ಮೇಲೂ ಅದು ಸುತ್ತುತ್ತಿರುತ್ತದೆ, ಅಷ್ಟರಲ್ಲಿ ಇನ್ನೊಂದು ಹೊಡೆತ ಹೊಡೆಯುವ ಶಕ್ತಿ ಇರುತ್ತದೆ. ರ‍್ಯಾಮ್ ಕೆಳಗೆ ಬ್ಲಾಕ್ ಇಟ್ಟೇ ಕೈ ಹಾಕಬೇಕು.

ನಾನು ಇರುವುದು ಲಗ್ಗೆರೆಯಲ್ಲಿ, ನಿಮಗೆ ಹತ್ತಿರವೇ. ಶನಿವಾರ ಡೈ ಇಳಿಸಿ ಇಟ್ಟಿರಿ, ಅಳತೆ ಟೇಪ್ ತಂದು ಗಾರ್ಡ್‌ನ ಡ್ರಾಯಿಂಗ್ ಮಾಡಿಕೊಡುತ್ತೇನೆ. ದುಡ್ಡಿನ ಮಾತು ಬೇಡ. ಹುಡುಗನ ಜೊತೆ ಅವನ ಮನೆಯವರು ಯಾರಾದರೂ ಇದ್ದಾರಾ, ಊಟಕ್ಕೆ ಏನು ಮಾಡುತ್ತಿದ್ದಾರೆ, ಅದನ್ನೂ ತಿಳಿಸಿ.